ನೌಕರಿ ಹೋದರೆ ವಿಮೆಯೂ ಹೋಗುವ ದೇಶ

ಅಮೆರಿಕದಲ್ಲಿ ಅಕ್ಟೋಬರ್, ನವೆಂಬರ್ ಬಂತೆಂದರೆ ಮುಂದಿನ ವರ್ಷದ ಆರೋಗ್ಯ ವಿಮೆ ಆರಿಸುವ ಕಾಲ. ಕಂಪನಿಯವರು ಮೂರ್ನಾಲ್ಕು ಪ್ಲ್ಯಾನ್ ಮುಂದಿಡುತ್ತಾರೆ, ಗಡುವಿನೊಳಗೆ ಒಂದನ್ನು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ನಾನಿರುವ ಕೊಲಂಬಸ್ ಊರಿನ ನಮ್ಮ ಕನ್ನಡದವರು ಎಲ್ಲಿ ಸೇರಿದರೂ ಮಾತು ಅದೇ. ಯಾರ ಪ್ರೀಮಿಯಂ ಎಷ್ಟು ಏರಿತು, ಯಾವ ಡಾಕ್ಟರು ಈ ಸಲ ವಿಮೆಯ ಪಟ್ಟಿಯಲ್ಲಿಲ್ಲ, ಮಕ್ಕಳ ಹಲ್ಲಿಗೆ ಬೇರೆ ವಿಮೆ ಬೇಕಾ.

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಇದನ್ನು ಹೇಳಿದರೆ ಯಾರೂ ಪೂರ್ತಿ ನಂಬುವುದಿಲ್ಲ. "ಅಷ್ಟು ಪಗಾರ ಐತಿ, ವಿಮೆ ಕಂಪನಿನೇ ಕೊಡ್ತೈತಿ. ಮತ್ತ ಯಾಕ ಅಂಜ್ತಿ ತಮ್ಮಾ?" ಎಂದು ಕಾಕಾ ಕೇಳಿದರು. ಅವತ್ತು ಸರಿಯಾಗಿ ಹೇಳಲು ಆಗಲಿಲ್ಲ. ಮಕ್ಕಳನ್ನು ಇಲ್ಲಿಗೆ ಕಳಿಸಿದ, ಕಳಿಸಬೇಕೆಂದಿರುವ ಮನೆಗಳು ನಮ್ಮ ಕಡೆ ಬಹಳ ಇವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. ಕೆಎಫ್‌ಎಫ್ ಎಂಬ ಸಂಸ್ಥೆ ಪ್ರತಿವರ್ಷ ಇದರ ಸಮೀಕ್ಷೆ ಮಾಡುತ್ತದೆ. ಅದರ ಪ್ರಕಾರ 2025ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 26,993 ಡಾಲರ್. ಅದರಲ್ಲಿ ನೌಕರನ ಪಾಲು ಸರಾಸರಿ 6,850 ಡಾಲರ್, ಉಳಿದದ್ದು ಕಂಪನಿಯದು. ಇಷ್ಟು ಕಟ್ಟಿದ ಮೇಲೆ ಆಸ್ಪತ್ರೆಗೆ ಸುಮ್ನೆ ಹೋಗಿ ಬರಬಹುದು ಅಂದುಕೊಳ್ಳಬೇಡಿ. ಡಿಡಕ್ಟಿಬಲ್ ಅಂತ ಒಂದಿದೆ. ಅದು ಮೂರು ಸಾವಿರ ಡಾಲರ್ ಇದ್ದರೆ, ಹೆಚ್ಚಿನ ಚಿಕಿತ್ಸೆಗಳಿಗೆ ಮೊದಲ ಮೂರು ಸಾವಿರ ನಮ್ಮ ಕಿಸೆಯಿಂದಲೇ ಹೋಗಬೇಕು. ಅದು ಮುಗಿದ ಮೇಲೂ ಪ್ರತಿ ಬಿಲ್ಲಿನಲ್ಲಿ ಒಂದು ಪಾಲು ನಮ್ಮದು, ಒಂದು ಮಿತಿ ಮುಟ್ಟುವ ತನಕ. 2025ಕ್ಕೆ ಕಾನೂನು ಹಾಕಿದ ಮಿತಿ ಒಬ್ಬರಿಗೆ 9,200 ಡಾಲರ್, ಕುಟುಂಬಕ್ಕೆ 18,400. ಹೊಸ ವರ್ಷದ ಪ್ಲ್ಯಾನ್ ಶುರುವಾದ ಕೂಡಲೇ ಲೆಕ್ಕ ಮತ್ತೆ ಸೊನ್ನೆಯಿಂದ.

ಆದರೆ ನನ್ನ ಅಂಜಿಕೆ ಬರೀ ದುಡ್ಡಿನದಲ್ಲ. ಇಲ್ಲಿ ವಿಮೆಯನ್ನು ನೌಕರಿಗೆ ಗಂಟು ಹಾಕಿಬಿಟ್ಟಿದ್ದಾರೆ.

ಗೋಕಾಕ ಕಡೆಯ ಗೆಳೆಯನೊಬ್ಬನಿಗೆ ಆದದ್ದನ್ನು ಹೇಳುತ್ತೇನೆ. ಹೆಂಡತಿಗೆ ಏಳು ತಿಂಗಳು. ಅಂಥ ಹೊತ್ತಿನಲ್ಲಿ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ನೌಕರಿಯ ಮೇಲೆ ಕೊಡುವ ಎಚ್-1ಬಿ ವೀಸಾದವನು, ಬೇರೆ ನೌಕರಿ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ. ಹೆರಿಗೆಗೆ ನೆಚ್ಚಿಕೊಂಡಿದ್ದ ವಿಮೆ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಕೋಬ್ರಾ ಎಂಬ ಕಾನೂನು ಇದೆ. ಅದರಡಿ ಹಳೆಯ ವಿಮೆಯನ್ನೇ 18 ತಿಂಗಳವರೆಗೆ ಇಟ್ಟುಕೊಳ್ಳಬಹುದು. ಆದರೆ ಇಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ನಾವೇ ಕಟ್ಟಬೇಕು, ಮೇಲೆ ಶೇಕಡಾ 2ರಷ್ಟು ಖರ್ಚು ಬೇರೆ. ಅವನಿಗೆ ತಿಂಗಳಿಗೆ ಎರಡು ಸಾವಿರ ಡಾಲರಿಗೂ ಜಾಸ್ತಿ ಬಿತ್ತು, ಅದೂ ಪಗಾರ ನಿಂತ ಹೊತ್ತಿನಲ್ಲಿ. ಸರ್ಕಾರ ಮಾಡಿರುವ ವಿಮಾ ಮಾರುಕಟ್ಟೆಯಲ್ಲಿ ಬೇರೆ ವಿಮೆ ಕೊಳ್ಳಬಹುದಿತ್ತು. ಕೊಂಡರೆ ಇಷ್ಟು ದಿನ ನೋಡಿದ ಡಾಕ್ಟರು ಸಿಗುವ ಖಾತ್ರಿ ಇರಲಿಲ್ಲ, ಡಿಡಕ್ಟಿಬಲ್ ಕೂಡ ಮೊದಲಿನಿಂದ ಶುರು. ಉಳಿತಾಯ ಮುರಿದು ಕೋಬ್ರಾ ಕಟ್ಟಿದ. ಮುಂದೆ ಸಿಕ್ಕ ನೌಕರಿಯಲ್ಲಿ ಪಗಾರ ಕಡಿಮೆ. ವಿಮೆ ಮೊದಲ ದಿನದಿಂದಲೇ ಇದೆ ಎನ್ನುವ ಒಂದೇ ಕಾರಣಕ್ಕೆ ಒಪ್ಪಿಕೊಂಡ.

ಈ ಗಂಟು ಬಿದ್ದದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. 1942ರಲ್ಲಿ ಸರ್ಕಾರ ಸಂಬಳ ಏರಿಸದಂತೆ ಕಟ್ಟು ಹಾಕಿತು. ಆಳು ಸಿಗದ ಕಂಪನಿಗಳು ಸಂಬಳದ ಬದಲು ವಿಮೆ ಕೊಟ್ಟು ಜನರನ್ನು ಸೆಳೆದವು. ಆ ವಿಮೆಗೆ ತೆರಿಗೆ ಇಲ್ಲ ಎಂದದ್ದರಿಂದ ಅದು ಹಾಗೆಯೇ ಬೇರು ಬಿಟ್ಟಿತು. 1945ರಲ್ಲಿ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ಸರ್ಕಾರಿ ವಿಮೆ ಬೇಕೆಂದು ಸಂಸತ್ತಿನ ಮುಂದೆ ಕೇಳಿದರು. ವೈದ್ಯರ ಸಂಘವೇ ಎದುರು ನಿಂತಿತು, ಆಗಲಿಲ್ಲ. 1965ರಲ್ಲಿ ಅಧ್ಯಕ್ಷ ಜಾನ್ಸನ್ 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆ ತಂದರು. ನಡುವಿನ ವಯಸ್ಸಿನ ದುಡಿಯುವ ಜನ ಕಂಪನಿಯ ಕೈಯಲ್ಲೇ ಉಳಿದರು.

ನಮ್ಮ ಬೀದಿಯ ಒಬ್ಬ ಹೆಂಗಸು ಸ್ವಂತ ಸಲೂನು ನಡೆಸುತ್ತಾರೆ. ಅರವತ್ತು ದಾಟಿದೆ. ಮೊಣಕಾಲು ನೋವು ತಡೆದುಕೊಂಡು, 65 ಆಗಲಿ, ಮೆಡಿಕೇರ್ ಬಂದ ಮೇಲೆ ಆಪರೇಷನ್ ಮಾಡಿಸುತ್ತೇನೆ ಎಂದು ಕಾಯುತ್ತಿದ್ದಾರೆ. ಇಷ್ಟು ಶ್ರೀಮಂತ ದೇಶದಲ್ಲಿ ಮನುಷ್ಯರು ಬೇಗ ಮುದುಕರಾಗಲಿ ಎಂದು ಬೇಡಿಕೊಳ್ಳುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಅವರಂಥವರಿಗೆ ಆಸರೆಯಾದದ್ದು 2010ರಲ್ಲಿ ಒಬಾಮಾ ಸಹಿ ಹಾಕಿದ ಕಾನೂನು. ಅದಕ್ಕೂ ಮೊದಲು, ಸ್ವಂತಕ್ಕೆ ವಿಮೆ ಕೊಳ್ಳಲು ಹೋದರೆ ಸಕ್ಕರೆ ಕಾಯಿಲೆ ಇದೆ, ಬಸುರಿ ಇದ್ದಾಳೆ ಎಂದು ಕಂಪನಿಗಳು ವಾಪಸ್ ಕಳಿಸಬಹುದಿತ್ತು. ಕಾನೂನು ಅದನ್ನು ನಿಲ್ಲಿಸಿತು. ವಿಮೆ ಕೊಳ್ಳಲು ಮಾರುಕಟ್ಟೆ ಮಾಡಿ ಆದಾಯ ನೋಡಿ ಸಹಾಯಧನ ಕೊಟ್ಟಿತು. 2017ರಲ್ಲಿ ಇದರ ಮುಖ್ಯ ಭಾಗಗಳನ್ನು ಕಿತ್ತುಹಾಕಲು ಹೊರಟ ಮಸೂದೆ ಸೆನೆಟ್‌ನಲ್ಲಿ 49-51ರಲ್ಲಿ ಬಿತ್ತು. ರಿಪಬ್ಲಿಕನ್ ಪಕ್ಷದವರೇ ಆದ ಜಾನ್ ಮೆಕೇನ್ ಆ ರಾತ್ರಿ ಬೇಡ ಎಂದು ಮತ ಹಾಕಿದರು. 2021ರಲ್ಲಿ ಸಹಾಯಧನ ಹೆಚ್ಚಿತು, ಆದರೆ 2025ರ ಕೊನೆಯವರೆಗೆ ಮಾತ್ರ. ಅದನ್ನು ಮುಂದುವರಿಸಬೇಕೋ ಬೇಡವೋ ಎಂಬ ಜಗಳದಲ್ಲೇ 2025ರ ಅಕ್ಟೋಬರ್ 1ರಿಂದ 43 ದಿನ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಮುಚ್ಚಿದವು. ಕಚೇರಿ ತೆರೆದವು, 2021ರಲ್ಲಿ ಹೆಚ್ಚಿಸಿದ್ದ ಸಹಾಯಧನ ಮಾತ್ರ ವರ್ಷದ ಕೊನೆಗೆ ನಿಂತಿತು. ಈಗ ಒಂಟಿಯಾಗಿರುವ ಒಬ್ಬರ ವರ್ಷದ ಆದಾಯ 62,600 ಡಾಲರ್ ದಾಟಿತೋ, 2026ಕ್ಕೆ ಒಂದು ಪೈಸೆ ಸಹಾಯವೂ ಇಲ್ಲ. ನಮ್ಮಂತೆ ವೀಸಾ ಮೇಲೆ ಇರುವವರಿಗಂತೂ 2027ರಿಂದ ಆ ಸಹಾಯಧನವೇ ಇರುವುದಿಲ್ಲ.

ಸಹಾಯಧನ ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಸಹಾಯಧನ ಹೋಗುವುದು ವಿಮಾ ಕಂಪನಿಗೆ, ಅದರಿಂದ ಆಸ್ಪತ್ರೆಯ ದರ ಒಂದು ಡಾಲರೂ ಇಳಿಯುವುದಿಲ್ಲ ಎನ್ನುತ್ತಾರೆ. ನಿಜ. ಆದರೆ ಅದೇ ದುಡ್ಡನ್ನು ಜನರ ಖಾತೆಗೆ ಹಾಕಿದರೆ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಎದೆನೋವು ಬಂದವನು ಚೌಕಾಶಿ ಮಾಡಿ ಆಸ್ಪತ್ರೆ ಆರಿಸಲಾರ. ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರಂತೆ ಮೆಡಿಕೇರ್ ಎಲ್ಲರಿಗೂ ಕೊಡಿ ಎನ್ನುವವರೂ ಇದ್ದಾರೆ. ಆದರೆ ಕಂಪನಿಯ ಒಳ್ಳೆಯ ವಿಮೆ ಇರುವವರು ಅದು ಕೈಬಿಟ್ಟೀತೆಂದು ಹೆದರುತ್ತಾರೆ. ಹಾಗಾಗಿ ಸಹಾಯಧನದ ಸುತ್ತ ಜಗಳ ನಡೆಯುತ್ತದೆ, ನೌಕರಿಯ ಗಂಟು ಹಾಗೆಯೇ ಉಳಿಯುತ್ತದೆ.

ನಮ್ಮ ಕಡೆ ವ್ಯವಸ್ಥೆಗೆ ಕೊರತೆ ಇಲ್ಲ ಎನ್ನುತ್ತಿಲ್ಲ. ಇವತ್ತಿಗೂ ಬ್ಯಾನಿ ದೊಡ್ಡದಾದರೆ ಮಿರಜ, ಸೊಲ್ಲಾಪುರ, ಬೆಳಗಾವಿ ಎಂದು ಓಡುತ್ತೇವೆ. ಆದರೂ ಸಹಕಾರ ಸಂಘಗಳ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆ ನನಗೆ ದೊಡ್ಡದಾಗಿ ಕಾಣುತ್ತದೆ. 2003ರಲ್ಲಿ ಶುರುವಾದಾಗ ರೈತನ ಪಾಲು ತಿಂಗಳಿಗೆ 5 ರೂಪಾಯಿ. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂತು. ಮುಧೋಳ ತಾಲ್ಲೂಕಿನ ನಮ್ಮ ಮಾಮಾ ಊರಿನ ಪಿಕೆಪಿಎಸ್, ಅಂದರೆ ಕೃಷಿ ಪತ್ತಿನ ಸಹಕಾರ ಸಂಘದ ಸದಸ್ಯರು. ಅದೇ ಕಾರ್ಡಿನ ಮೇಲೆ ಕಲ್ಲಿನ ಆಪರೇಷನ್ ಆಯಿತು. ಬಿ.ಪಿ. ಗುಳಿಗೆಗೆ ತಿಂಗಳಾ ಕಿಸೆಯಿಂದಲೇ ಕೊಡುತ್ತಾರೆ, ಅದು ಬೇರೆ ಮಾತು. ಯಾವ ಸಾಹುಕಾರನೂ ಅವರನ್ನು ಕೆಲಸದಿಂದ ತೆಗೆದು ಆ ಕಾರ್ಡು ಕಿತ್ತುಕೊಳ್ಳಲಾರ.

ಈಗ ಅಮೆರಿಕದ ಗಂಟು ನಮ್ಮ ಮನೆಗಳಿಗೂ ಬರುತ್ತಿದೆ. ವಿದ್ಯಾಗಿರಿಯಲ್ಲಿ ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನ ಬೆಂಗಳೂರು, ಪುಣೆಯಲ್ಲಿದ್ದಾರೆ. ಊರಲ್ಲಿರುವ ಅಪ್ಪ-ಅವ್ವನ ವಿಮೆ ಮಗನ ಕಂಪನಿ ಪಾಲಿಸಿಯಲ್ಲೇ ಇದೆ. ಮಗನ ನೌಕರಿ ಹೋದ ದಿನ ಎಪ್ಪತ್ತರ ಅಪ್ಪನ ವಿಮೆಯೂ ಹೋಗುತ್ತದೆ ಅಲ್ವಾ? ಆಮೇಲೆ ಹೊಸದಾಗಿ ಪಾಲಿಸಿ ಕೊಂಡರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. 65 ದಾಟಿದವರಿಗೆ ಪಾಲಿಸಿ ಇಲ್ಲ ಎನ್ನುವ ಕಟ್ಟು 2024ರಲ್ಲಿ ಸಡಿಲವಾಗಿದೆ. ಸ್ವಂತ ಪಾಲಿಸಿಯ ಮೇಲಿನ ಶೇಕಡಾ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ನೌಕರಿ ಗಟ್ಟಿ ಇರುವಾಗಲೇ ಅಪ್ಪ-ಅವ್ವನ ಹೆಸರಿಗೆ ಬೇರೆ ಪಾಲಿಸಿ ಮಾಡಿಸಿ. ಕಾಯುವ ಆ ಮೂರು ವರ್ಷ ಈಗಿನಿಂದಲೇ ಸವೆಯತೊಡಗಲಿ.