ಹಕ್ಕಿಗೆ ಕೈ ಕೊಟ್ಟವನು

ಶನಿವಾರದಿಂದ ಅತ್ತೆಯ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಪಾತ್ರೆ ತೊಳೆಯುವಾಗಲೂ ಅದೇ ನೆನಪಾಗಿ ಒಬ್ಬಳೇ ನಗ್ತೀನಿ.

ಮಳೆ ಬಿಟ್ಟಿದೆ ಅಂತ ಡಬ್ಲಿನ್‌ನಿಂದ ಗ್ಲೆಂಡಲಾಕ್‌ಗೆ ಹೊರಟಿದ್ದೆವು. ಐರ್ಲೆಂಡಿನ ವಿಕ್ಲೋ ಬೆಟ್ಟಗಳ ನಡುವೆ ಎರಡು ಕೆರೆಗಳ ಕಣಿವೆ; ಹೆಸರಿನ ಅರ್ಥವೂ ಅದೇ. 6ನೇ ಶತಮಾನದಲ್ಲಿ ಸಂತ ಕೆವಿನ್ ತಪಸ್ಸಿಗೆ ಬಂದ ಜಾಗ. ಪಾಪ, ಒಂಟಿಯಾಗಿರಲು ಬಂದವನ ಹಿಂದೆ ಜನ ಬಂದು ಮಠವೇ ಎದ್ದಿತು. ಅವನ ಕಾಲ ಕಳೆದ ಎಷ್ಟೋ ವರ್ಷಕ್ಕೆ ಕಟ್ಟಿದ ದುಂಡು ಗೋಪುರ 30 ಮೀಟರ್ ಎತ್ತರ ನಿಂತಿದೆ. ಪಕ್ಕದ ಕಲ್ಲಿನ ಚರ್ಚಿಗೆ ‘ಕೆವಿನ್‌ನ ಅಡುಗೆಮನೆ’ ಅಂತಾರೆ, ಮೇಲಿನ ಗಂಟೆಗೋಪುರ ಹೊಗೆಗೂಡಿನ ಹಾಗಿದೆಯಂತ. “ಒಲೆ ಎಲ್ಲಿ?” ಅಂದರು ಅತ್ತೆ.

ಮೇಲಿನ ಕೆರೆಯ ದಡದಲ್ಲಿ ನಿಂತರೆ ಆಚೆ ಬಂಡೆಯಲ್ಲಿ ಅವನು ಮಲಗುತ್ತಿದ್ದ ಗವಿ. ನಮ್ಮೆಜಮಾನರು ಫೋನ್ ನೋಡಿ ಗೈಡ್ ಆದರು. ಪ್ರಾರ್ಥನೆಗೆಂದು ಕಿಟಕಿಯಾಚೆ ಚಾಚಿದ್ದ ಅಂಗೈಯಲ್ಲಿ ಬ್ಲ್ಯಾಕ್‌ಬರ್ಡ್ ಮೊಟ್ಟೆಯಿಟ್ಟಿತಂತೆ. ಮರಿಯಾಗುವವರೆಗೂ ಆ ಕೈ ಅಲುಗಲಿಲ್ಲವಂತೆ. ಹಾಸನದವರಾದ ಅತ್ತೆಗೆ ಮೈಮೇಲೆ ಬಳ್ಳಿ ಹಬ್ಬಿಸಿಕೊಂಡು ನಿಂತ ಗೊಮ್ಮಟ ಗೊತ್ತು. ಸರಿಯಪ್ಪ ಅನ್ನುವಂತೆ ತಲೆಯಾಡಿಸಿದರು.

ಆಮೇಲೆ ಇವರು ಕ್ಯಾಥ್ಲೀನ್ ಕಥೆ ತೆಗೆದರು. ಕೆವಿನ್‌ನನ್ನು ಮೆಚ್ಚಿ ಗವಿಯವರೆಗೂ ಬಂದವಳನ್ನು ಅವನು ಕೆರೆಗೆ ತಳ್ಳಿದನಂತೆ. ಇದಕ್ಕಿಂತ ಹಳೆಯ ಕಥೆಯಲ್ಲಿ ತುರಿಕೆ ಸೊಪ್ಪಿನಿಂದ ಬಾರಿಸುತ್ತಾನೆ, ಅಷ್ಟೇ.

ಅತ್ತೆ ಕೆರೆ ನೋಡುತ್ತಲೇ ಅಂದರು: “ಹಕ್ಕಿಗೂ ಕೈ ಕೊಟ್ಟ, ಹುಡುಗಿಗೂ ಕೈ ಕೊಟ್ಟ ಅನ್ನು.”

“ಅಮ್ಮಾ, ಅದು ಬರೀ ಕಥೆ” ಅಂತ ಇವರು ಸಂತನ ವಕಾಲತ್ತಿಗೆ ನಿಂತರು. ಕಥೆಯೇ ಇರಲಿ. ಆದರೆ ಕೆವಿನ್ ತೀರಿಕೊಂಡದ್ದು 618ರಲ್ಲಿ ಅಂತಾರೆ. ಹಕ್ಕಿ ಕಥೆ ಬರೆದಿಟ್ಟ ವೇಲ್ಸ್‌ನ ಪಾದ್ರಿ 12ನೇ ಶತಮಾನದವನು. ಇಷ್ಟು ನೂರು ವರ್ಷ ಜನ ಎರಡೂ ಕಥೆಗಳನ್ನು ಒಂದೇ ಮಡಿಲಲ್ಲಿ ಸಾಕಿದ್ದಾರಲ್ಲ, ಯಾರಿಗೂ ಚುಚ್ಚಲಿಲ್ಲವೇ?

ವಾಪಸ್ ಬರುವಾಗ ನನಗೆ ಮಾವ ನೆನಪಾದರು. ಬೀದಿಯ ನಾಯಿಗಳಿಗೆಲ್ಲ ಒಂದೊಂದು ಹೆಸರಿಟ್ಟಿದ್ದ ಸಾಧು ಮನುಷ್ಯ. ಅತ್ತೆಯನ್ನು ಮಾತ್ರ ಕೊನೆವರೆಗೂ ‘ಏ ಇವಳೇ’ ಅಂತಲೇ ಕರೆದರು. ಅವರ ಹೆಸರು ನನಗೆ ಗೊತ್ತಾದದ್ದೇ ಪಾಸ್‌ಪೋರ್ಟ್ ಅರ್ಜಿ ತುಂಬುವಾಗ.

ಕಾರಿನ ಹತ್ತಿರ ಅತ್ತೆ ಅಂಗೈಯಲ್ಲಿ ಚಕ್ಕುಲಿ ಚೂರಿಟ್ಟು ಕೈ ಚಾಚಿ ನಿಂತರು. ಒಂದು ಹಕ್ಕಿಯೂ ಬರಲಿಲ್ಲ. ಎರಡು ನಿಮಿಷಕ್ಕೆ “ತೋಳು ನೋಯತ್ತೆ ಕಣೇ” ಅಂತ ಅದನ್ನು ತಾವೇ ಬಾಯಿಗೆ ಹಾಕಿಕೊಂಡರು.