‘ಲಾಳಿ’ ಹೊರಬಂತು: ಬೆಟಗೇರಿಯ ಮಗ್ಗ, ತಂಬೂರಿಯ ಗಾಂಧಾರ ಮತ್ತು ಮುಂದಿನ ಕೆಲಸ

ನನ್ನ ಹೊಸ ಇಪಿ (ಕೆಲವೇ ಟ್ರ್ಯಾಕುಗಳ ಪುಟ್ಟ ಸಂಗೀತ ಸಂಕಲನ) ‘ಲಾಳಿ’ ಕೊನೆಗೂ ಹೊರಬಂದಿದೆ. ನಾಲ್ಕು ಟ್ರ್ಯಾಕ್, ಒಟ್ಟು 26 ನಿಮಿಷ. ಎಲ್ಲವೂ ಗದಗ ಸೀಮೆಯ ಸದ್ದುಗಳಿಂದ ಕಟ್ಟಿದ್ದು. ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಸಿಂಥಸೈಸರ್) ಇದೆ, ಡ್ರಮ್ ಮಷಿನ್ ಇದೆ. ಆದರೆ ಮೊದಲ ಟ್ರ್ಯಾಕಿನಲ್ಲಿ ತಾಳ ಹಿಡಿದವರು ಗದಗಕ್ಕೆ ಅಂಟಿಕೊಂಡ ಬೆಟಗೇರಿಯ ಒಬ್ಬ ನೇಕಾರರು. ಕಂಪ್ಯೂಟರ್ ಅವರ ಹಿಂದೆ ಹೋಗುತ್ತದೆ. ಲಯ ಮನುಷ್ಯರ ಕೈಯಿಂದ ಬರಬೇಕು, ಸ್ವರ ತಂಬೂರಿಯಿಂದ ಬರಬೇಕು, ಯಂತ್ರ ಇವೆರಡನ್ನೂ ಕೇಳಿಸಿಕೊಂಡು ನಡೆಯಬೇಕು. ಇಡೀ ಇಪಿಯಲ್ಲಿ ನಾನು ಮಾಡಲು ಹೊರಟದ್ದು ಇಷ್ಟೇ. ಹೇಗೆ ಮಾಡಿದೆ ಅನ್ನೋದನ್ನು ಬರೆದಿಡುತ್ತೇನೆ. ಮನೆಯಲ್ಲೇ ಕೂತು ಇಂಥ ಕೆಲಸ ಮಾಡುವವರಿಗೆ ಉಪಯೋಗ ಆದೀತು.

ಬೆಟಗೇರಿಯ ಓಣಿಗಳಲ್ಲಿ ನಡೆದರೆ ಗೋಡೆಯ ಆಚೆಯಿಂದ ಪವರ್‌ಲೂಮ್ ಸದ್ದು ಕೇಳುತ್ತದೆ. ಒಂದೇ ಸಮನೆ, ಬಿಡುವಿಲ್ಲದ ಬಡಿತ. ಟೆಕ್ನೋ ಅನ್ನುವ ಯಂತ್ರಲಯದ ಕುಣಿತದ ಸಂಗೀತಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೆ ಅಂಥ ಬಡಿತವನ್ನು ನನ್ನ ಡ್ರಮ್ ಮಷಿನ್ನೇ ಕೊಡುತ್ತದೆ. ನನಗೆ ಬೇಕಿದ್ದದ್ದು ಕೈಮಗ್ಗ. ನಮ್ಮ ಪರಿಚಯದ ಕಾಕಾ ಒಬ್ಬರು ಈಗಲೂ ಕುಣಿಮಗ್ಗದಲ್ಲಿ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ) ಕೂತು ಸೀರೆ ನೇಯುತ್ತಾರೆ. ಅವರ ಕೆಲಸಕ್ಕೆ ಅಡ್ಡಿಯಾಗದಂತೆ ಮೈಕ್ ಇಡುತ್ತೇನೆ ಅಂದಾಗ, "ಇಡವಾ, ಅದಕ್ಕೇನಾತು" ಅಂದುಬಿಟ್ಟರು.

ಕೈಮಗ್ಗದ ಒಂದೊಂದು ಸುತ್ತಿನಲ್ಲೂ ಬೇರೆ ಬೇರೆ ಸದ್ದುಗಳಿವೆ. ಮೊದಲು ಕಾಲಡಿಯ ಹಲಗೆ ಕಿರ್ ಎನ್ನುತ್ತದೆ. ಹಾಸಿನ ಎಳೆಗಳು ಮೇಲೆ ಕೆಳಗೆ ಬೇರೆಯಾಗುತ್ತವೆ. ನಡುವೆ ಅಡ್ಡ ಎಳೆ ಹೊತ್ತ ಲಾಳಿ ಸರ್ರನೆ ಹಾಯ್ದು ಆಚೆ ಬದಿಗೆ ಟಕ್ ಎಂದು ಬಡಿಯುತ್ತದೆ. ಆಮೇಲೆ ಬಾಚಣಿಗೆಯಂಥ ಹಣಿಗೆ ಬಂದು ಆ ಹೊಕ್ಕಿನ ಎಳೆಯನ್ನು ಥಪ್ ಎಂದು ಒತ್ತುತ್ತದೆ. ಆ ಥಪ್ ನನ್ನ ಕಿಕ್ ಡ್ರಮ್, ಅಂದರೆ ತಗ್ಗಿನ ಪೆಟ್ಟು. ಟಕ್ ನನ್ನ ಸ್ನೇರ್, ಅಂದರೆ ಚುರುಕಿನ ಪೆಟ್ಟು. ಲಾಳಿ ಒಮ್ಮೆ ಎಡದಿಂದ ಬಲಕ್ಕೆ, ಮತ್ತೊಮ್ಮೆ ಬಲದಿಂದ ಎಡಕ್ಕೆ ಹೋಗುವುದರಿಂದ ಸ್ಟೀರಿಯೋ ತಾನಾಗಿಯೇ ಸಿಕ್ಕಿತು. ಮಗ್ಗದ ಎರಡೂ ಬದಿಗೆ ಒಂದೊಂದು ಮೈಕ್ ಇಟ್ಟಿದ್ದೆ. ಇಯರ್‌ಫೋನಿನಲ್ಲಿ ಕೇಳಿದರೆ ಲಾಳಿ ನಿಮ್ಮ ಕಿವಿಯಿಂದ ಕಿವಿಗೆ ಓಡುತ್ತದೆ. ಅಲ್ಲಿ ನಾನು ಏನನ್ನೂ ತಿದ್ದಿಲ್ಲ.

ಮರದ ಚೌಕಟ್ಟಿಗೆ ಒಂದು ಪಿಯೆಜೋ ಬಿಲ್ಲೆಯನ್ನೂ ಅಂಟಿಸಿದ್ದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಆ ಹಿತ್ತಾಳೆ ಬಿಲ್ಲೆ ಗಾಳಿಯಲ್ಲಿನ ಸದ್ದನ್ನು ಅಷ್ಟಾಗಿ ಹಿಡಿಯುವುದಿಲ್ಲ, ಮರದ ಒಳಗಿನ ನಡುಕವನ್ನು ಹಿಡಿಯುತ್ತದೆ. ಇದನ್ನು ಸಾಮಾನ್ಯ ಮೈಕ್ ಇನ್‌ಪುಟ್‌ಗೆ ಸಿಕ್ಕಿಸಬೇಡಿ, ತಗ್ಗಿನ ಸದ್ದೆಲ್ಲ ಮಾಯವಾಗುತ್ತದೆ. ಗಿಟಾರಿಗೆ ಅಂತ ಇರುವ, ಒಂದು ಮೆಗಾಓಮ್ ಆಸುಪಾಸಿನ ಇನ್‌ಪುಟ್ ಬೇಕು. ರೆಕಾರ್ಡಿಂಗ್ ಎಲ್ಲ 24 ಬಿಟ್, 96 ಕಿಲೋಹರ್ಟ್ಸ್. ಯಾಕೆ ಅಷ್ಟು ಅಂದರೆ, ಆಮೇಲೆ ಅದನ್ನು ಅರ್ಧ ವೇಗಕ್ಕೆ ಇಳಿಸಿದರೂ ಮೇಲಿನ ಸದ್ದುಗಳು ಉಳಿಯುತ್ತವೆ. ನಾವು ಕೇಳಲಾರದ ಎತ್ತರದಲ್ಲಿ ಅಡಗಿದ್ದ ಲಾಳಿಯ ಸೀಳುದನಿಯೂ ಅರ್ಧಕ್ಕೆ ಇಳಿದು ಕಿವಿಗೆ ಬೀಳುತ್ತದೆ. ಇಪಿಯ ಕೊನೆಯಲ್ಲಿ ಬರುವ ಉದ್ದನೆಯ ಸುಯ್ಲು ಅದೇ.

ಈಗ ಲಯದ ವಿಷಯ. ರೆಕಾರ್ಡ್ ಮಾಡಿದ ಸದ್ದನ್ನು ಕತ್ತರಿಸಿ ಸಾಫ್ಟ್‌ವೇರಿನ ಸಮ ಅಂತರದ ತಾಳದ ಗೆರೆಗಳಿಗೆ ಕೂರಿಸುವುದು ಸಾಮಾನ್ಯ ರೂಢಿ. ನಾನು ಗೆರೆಗಳನ್ನೇ ಸರಿಸಿದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಹಣಿಗೆಯ ಪ್ರತಿ ಪೆಟ್ಟಿಗೂ ಒಂದು ಟೆಂಪೋ (ಲಯದ ವೇಗ) ಗುರುತು ಹಾಕುತ್ತಾ ಹೋದೆ. ಕಾಕಾ ನಿಮಿಷಕ್ಕೆ 48ರಿಂದ 56 ಪೆಟ್ಟಿನ ನಡುವೆ ಓಡಾಡುತ್ತಾರೆ. ಹೊಸ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಹಾಕಿದ ಮೇಲೆ ನಿಧಾನ, ಕೈ ಹತ್ತಿದ ಮೇಲೆ ಚುರುಕು. ಬೇಸ್, ಸಿಂಥ್, ಡಿಲೇ (ಮರುದನಿ) ಎಲ್ಲವೂ ಈ ಏರಿಳಿತದ ಜೊತೆಗೇ ಉಸಿರಾಡುತ್ತವೆ. ಟ್ರ್ಯಾಕಿನ ನಡುವೆ ಒಮ್ಮೆ ಎಲ್ಲ ನಿಂತುಬಿಡುತ್ತದೆ. ಅಲ್ಲಿ ನೂಲು ಹರಿದಿತ್ತು, ಕಾಕಾ ಗಂಟು ಹಾಕುತ್ತಿದ್ದರು. "ನೂಲು ಹರಿಯೋಕಿಂತ ಮೊದ್ಲನ ಸಪ್ಪಳದಾಗ ಗೊತ್ತಾಗ್ತೈತಿ, ಯವ್ವಾ" ಅಂದರು. ಮನೆಗೆ ಬಂದು ಕೇಳಿದರೆ ನಿಜವಾಗಿಯೂ ಅದಕ್ಕೆ ಮುಂಚಿನ ಎರಡು ಪೆಟ್ಟು ಸ್ವಲ್ಪ ಬೋಳಾಗಿವೆ. ಆ ಮೌನವನ್ನು ಇದ್ದ ಉದ್ದಕ್ಕೇ ಉಳಿಸಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ಸಿಂಥ್ ಕೂಡ ಕಾಯುತ್ತದೆ.

ಎರಡನೇ ಟ್ರ್ಯಾಕ್ ‘ಗಾಂಧಾರ’. ಇದು ನನಗೆ ತುಂಬಾ ಹತ್ತಿರದ್ದು.

ಗದಗದಲ್ಲಿ ಬೆಳೆದವರ ಕಿವಿಗೆ ತಂಬೂರಿ ಹೊಸದಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರವರೆಗೂ ನಡೆಸಿಕೊಂಡು ಬಂದ ವೀರೇಶ್ವರ ಪುಣ್ಯಾಶ್ರಮ ನಮ್ಮೂರಲ್ಲೇ ಇದೆ. ಕಣ್ಣು ಕಾಣದ ಮಕ್ಕಳು, ಬಡ ಮಕ್ಕಳು ಅಲ್ಲಿದ್ದು ಸಂಗೀತ ಕಲಿಯುತ್ತಾರೆ. ಒಂದು ಕಡೆ ತಬಲಾ, ಇನ್ನೊಂದು ಕಡೆ ಹಾರ್ಮೋನಿಯಂ, ಮತ್ತೊಂದು ಕಡೆ ಸಾ ಹಚ್ಚಿ ಕೂತ ಹುಡುಗರು. ಬೇರೆ ಬೇರೆ ಅಭ್ಯಾಸಗಳು ಒಂದರ ಮೇಲೊಂದು ಬಿದ್ದು ಹುಟ್ಟುವ ಆ ಸದ್ದಿನಿಂದಲೇ ನಾನು ಲೇಯರ್ ಅಂದರೆ ಏನು ಅಂತ ಕಲಿತದ್ದು.

ತಂಬೂರಿಯ ಸಾ ತಂತಿಯನ್ನು ಮೀಟಿ ಸುಮ್ನೆ ಕೇಳುತ್ತಾ ಕೂತರೆ ಗಾಂಧಾರವೂ, ಅಂದರೆ ಗ ಸ್ವರವೂ ಕೇಳಿಸುತ್ತದೆ. ಯಾರೂ ಅದನ್ನು ನುಡಿಸಿರುವುದಿಲ್ಲ. ತಂತಿಯ ಐದನೇ ಹಾರ್ಮೋನಿಕ್ ಅದು, ಅಂದರೆ ಸಾದ ಜೊತೆಗೇ ಅದರ ಐದು ಪಟ್ಟು ಕಂಪನದಲ್ಲಿ ಹುಟ್ಟುವ ಸಣ್ಣ ಸ್ವರ. ಕೀಬೋರ್ಡಿನ ಗಾಂಧಾರ ಇದಕ್ಕೆ ಹೊಂದುವುದಿಲ್ಲ. ಒಂದೇ ಸಪ್ತಕಕ್ಕೆ ತಂದು ಅಳೆದರೆ ತಂಬೂರಿಯದು ಸಾದಿಂದ 386 ಸೆಂಟ್ಸ್ (ಸ್ವರಗಳ ಅಂತರದ ಅಳತೆ) ಮೇಲಿದೆ, ಕೀಬೋರ್ಡಿನದು 400. ಬರೀ 14 ಸೆಂಟ್ಸ್ ವ್ಯತ್ಯಾಸ. ಆದರೆ ಹಾರ್ಮೋನಿಯಂನ ಮೊದಲ ಕರಿ ಪಟ್ಟಿಯನ್ನು, ಅಂದರೆ ಸಿ ಶಾರ್ಪನ್ನು ಸಾ ಅಂತ ಇಟ್ಟುಕೊಂಡು ಲೆಕ್ಕ ಹಾಕಿ. ಸಾ 138.6 ಹರ್ಟ್ಸ್, ಅದರ ಐದನೇ ಹಾರ್ಮೋನಿಕ್ 693. ಕೀಬೋರ್ಡಿನ ಗಾಂಧಾರದ ನಾಲ್ಕನೇ ಹಾರ್ಮೋನಿಕ್ 698.5. ಎರಡೂ ಒಟ್ಟಿಗೆ ಬಂದಾಗ ಸೆಕೆಂಡಿಗೆ ಐದಾರು ಸಲ ಸದ್ದು ಅದುರುತ್ತದೆ. ಸಿಂಥ್ ಪ್ಯಾಡನ್ನು (ಎಳೆದು ಹಿಡಿದ ಮೆತ್ತನೆಯ ಸ್ವರ) ತಂಬೂರಿ ಜೊತೆ ಇಟ್ಟಾಗ ಏನೋ ಕಿರಿಕಿರಿ ಅನ್ನಿಸುತ್ತದಲ್ಲ, ಅದಕ್ಕೆ ಕಾರಣ ಇದೇ.

ಹಾಗಾಗಿ ಸಿಂಥನ್ನೇ ತಂಬೂರಿಗೆ ಶ್ರುತಿ ಮಾಡಿದೆ. ಸರ್ಜ್ ಎಕ್ಸ್‌ಟಿ ಅಂತ ಒಂದು ಸಿಂಥ್ ಇದೆ, ಪೂರ್ತಿ ಉಚಿತ. ಅದು ಶ್ರುತಿಯನ್ನು ಬರೆದಿಡುವ ಸ್ಕಾಲಾ ಫೈಲ್ ಓದುತ್ತದೆ. ಒಂದೊಂದು ಸ್ವರದ ಕಂಪನ ಸಾದ ಎಷ್ಟು ಪಟ್ಟು ಅನ್ನೋ ಅನುಪಾತಗಳನ್ನು ನಿಮಗೆ ಬೇಕಾದಂತೆ ಸಾಲಾಗಿ ಬರೆದು ಕೊಟ್ಟರೆ ಆಯಿತು. ಗಾಂಧಾರಕ್ಕೆ 5/4, ಪಂಚಮಕ್ಕೆ 3/2, ರಿಷಭಕ್ಕೆ 9/8. ಧೈವತದ ಹತ್ತಿರ ತುಂಬಾ ಹೊತ್ತು ನಿಂತೆ. 5/3 ಇಟ್ಟರೆ ಮೃದು, 27/16 ಇಟ್ಟರೆ ಸುಮಾರು 22 ಸೆಂಟ್ಸ್ ಮೇಲೆ. ರಿಷಭದಿಂದ ಸರಿಯಾಗಿ ಪಂಚಮದಷ್ಟು ದೂರ ಇರುವುದು 27/16. ಯಮನ್ ರಾಗದ ಸ್ವರಗಳಲ್ಲಿ ಅದು ಮೈ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತದೆ. ಅದನ್ನೇ ಇಟ್ಟುಕೊಂಡೆ.

ತಂಬೂರಿಯ ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಮೇಲೆ, ತಂತಿಯ ಕೆಳಗೆ ಒಂದು ದಾರದ ಎಳೆ ಸಿಕ್ಕಿಸುತ್ತಾರೆ. ಜವಾರಿ, ಅಂದರೆ ತಂಬೂರಿಯ ಆ ತುಂಬಿದ ಝೇಂಕಾರ, ಬಿಚ್ಚಿಕೊಳ್ಳುವುದು ಅದರಿಂದಲೇ. ಈ ಟ್ರ್ಯಾಕಿಗೆ ನಾನು ಸಿಕ್ಕಿಸಿದ್ದು ಕಾಕಾನ ಮಗ್ಗದ ನೂಲು.

ಮೂರನೆಯದು ‘ಚೌಡಕಿ’. ಯಲ್ಲಮ್ಮನ ಹಾಡು ಹೇಳುವ ಜೋಗಮ್ಮಂದಿರ ವಾದ್ಯ. ಒಂದು ಬದಿಗೆ ಚರ್ಮ, ಅದರಿಂದ ಎಳೆದ ತಂತಿ. ತಂತಿಯ ಬಿಗಿ ಬದಲಾದಂತೆ ಸ್ವರ ಗುಂಯ್ ಎಂದು ಜಾರುತ್ತದೆ. ಆಸಿಡ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಪ್ರಾಣ ಅನ್ನಿಸಿಕೊಂಡ, ರೋಲ್ಯಾಂಡ್ ಕಂಪನಿಯ ಬೇಸ್ ಸಿಂಥ್ ಟಿಬಿ-303ರ ಜಾರುವ ಬೇಸ್ ಕೇಳಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ನುಡಿಸಿದ ಜೋಗಮ್ಮನಿಗೆ ಮೊದಲೇ ಕೇಳಿ, ಸಂಭಾವನೆ ಕೊಟ್ಟು, ಮುಗಿದ ಮೇಲೆ ಫೋನಿನಲ್ಲಿ ಕೇಳಿಸಿದೆ. ದೇವಿಯ ಹೆಸರು ಬರುವ ಸಾಲುಗಳನ್ನು ಕುಣಿತದ ಟ್ರ್ಯಾಕಿಗೆ ಹಾಕುವುದು ಬೇಡ ಅಂದರು. ಹಾಕಿಲ್ಲ. ತಂತಿಯ ಸದ್ದು ಮಾತ್ರ ಇದೆ. ಜನಪದ ಸದ್ದನ್ನು ಎತ್ತಿಕೊಳ್ಳುವವರು ಇಷ್ಟಾದರೂ ಕೇಳಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದು ‘ಗಾಳಿಗಿರಣಿ’. ಕಪ್ಪತಗುಡ್ಡದ ಕಡೆ ಹೋದವರು ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಗುಡ್ಡ 2019ರಿಂದ ವನ್ಯಜೀವಿಧಾಮ. ಹಾಗಾಗಿ ಒಳಗೆ ಹೋಗದೆ ಹೊರಗಿನ ರಸ್ತೆಬದಿಯಲ್ಲೇ ನಿಂತು ರೆಕಾರ್ಡ್ ಮಾಡಿದೆ. ಮೈಕಿಗೆ ದಪ್ಪ ತುಪ್ಪಳದ ಹೊದಿಕೆ ಇಲ್ಲದಿದ್ದರೆ ಅಲ್ಲಿ ಗಾಳಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಯಂತ್ರ ನಿಮಿಷಕ್ಕೆ 15 ಸುತ್ತು ಹೊಡೆದರೆ ಮೂರು ರೆಕ್ಕೆ ಸೇರಿ 45 ಬೀಸು. ಒಂದು ಬೀಸಿಗೆ ಒಂದು ಮಾತ್ರೆಯಂತೆ (ಎಣಿಕೆಯಂತೆ) 12 ಮಾತ್ರೆಯ ಏಕತಾಲಕ್ಕೆ ಹಾಕಿದರೆ ಒಂದು ಆವರ್ತನಕ್ಕೆ 16 ಸೆಕೆಂಡ್. ಅದರ ಮೇಲೆ ಒಂದೇ ಒಂದು ಸಿಂಥ್ ಸ್ವರ ಬೆಳೆಯುತ್ತಾ ಹೋಗುತ್ತದೆ.

"ಇದೆಲ್ಲ ನಮ್ಮ ಸಂಗೀತ ಹೌದಾ?" ಅಂತ ಕೇಳುವವರು ಇದ್ದಾರೆ. ಹೌದು ಅನ್ನುತ್ತೇನೆ. ಬೆಂಗಳೂರಿನ ಜಿ. ರಾಜನಾರಾಯಣ ಅವರು ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದು 1979ರಲ್ಲಿ. ಇವತ್ತು ಆ ಪೆಟ್ಟಿಗೆ ಇಲ್ಲದ ಸಂಗೀತ ಕ್ಲಾಸ್ ಹುಬ್ಬಳ್ಳಿ-ಧಾರವಾಡದಲ್ಲಿ ಸಿಗುವುದು ಕಷ್ಟ. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲೇ ಟಿಬಿ-303 ಮತ್ತು ಟಿಆರ್-808 ಡ್ರಮ್ ಮಷಿನ್ ಇಟ್ಟುಕೊಂಡು ರಾಗ ನುಡಿಸಿದ್ದರು. ಶಿಕಾಗೋದಲ್ಲಿ ಆಸಿಡ್ ಹೌಸ್ ಹುಟ್ಟುವುದಕ್ಕೂ ಮುಂಚಿನ ಮಾತು ಇದು.

ಬಿಡುಗಡೆಯ ವಿಚಾರ ಚಿಕ್ಕದಾಗಿ. ಕಲಾವಿದರೇ ನೇರವಾಗಿ ಹಾಡು ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪಿನಲ್ಲಿ ನಿಮಗೆ ತೋಚಿದಷ್ಟು ಕೊಟ್ಟು ತೆಗೆದುಕೊಳ್ಳಬಹುದು. ಅವರು 15 ಶೇಕಡಾ ಇಟ್ಟುಕೊಳ್ಳುತ್ತಾರೆ. ಪಾವತಿ ಶುಲ್ಕ ಕಳೆದು ಉಳಿದದ್ದರಲ್ಲಿ ಕಾಕಾ ಮತ್ತು ಚೌಡಕಿಯ ಅಮ್ಮನ ಪಾಲು ಬೇರೆ ತೆಗೆದಿಡುತ್ತೇನೆ. ಸ್ಪಾಟಿಫೈಯಲ್ಲೂ ಇದೆ. ಅಲ್ಲಿ ಒಂದು ಟ್ರ್ಯಾಕ್ ವರ್ಷದಲ್ಲಿ 1000 ಸಲ ಕೇಳಿಸದೆ ಹಣದ ಲೆಕ್ಕವೇ ಶುರುವಾಗುವುದಿಲ್ಲ. ಹಾಗಾಗಿ ಅದು ಹೊಸಬರಿಗೆ ತಲುಪಲಿ ಅಂತ ಅಷ್ಟೇ. ಟ್ರ್ಯಾಕಿನ ಹೆಸರುಗಳೆಲ್ಲ ಕನ್ನಡ ಲಿಪಿಯಲ್ಲೇ ಇವೆ, ಹುಡುಕುವಾಗ ಕನ್ನಡದಲ್ಲೇ ಟೈಪ್ ಮಾಡಿ.

ಮುಂದಿನದು ಜಗ್ಗಲಿಗೆ. ಚಕ್ಕಡಿಯ ಗಾಲಿಗೆ ಚರ್ಮ ಬಿಗಿದು ಮಾಡುವ, ಹೋಳಿ ಬಂದರೆ ಹುಬ್ಬಳ್ಳಿಯನ್ನೇ ನಡುಗಿಸುವ ವಾದ್ಯ. ಅದರ ತಗ್ಗಿನ ಸದ್ದನ್ನು ಯಾವ ಸಬ್ ಬೇಸ್ (ಯಂತ್ರದಿಂದ ಸೇರಿಸುವ ಅತಿ ತಗ್ಗಿನ ಸದ್ದು) ಕೂಡ ಇಲ್ಲದೆ, ಇದ್ದ ಹಾಗೇ ಸ್ಪೀಕರಿಗೆ ತರಬೇಕು ಅನ್ನೋ ಆಸೆ. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿ ಕಡೆಯ ಒಂದು ತಂಡದ ಜೊತೆ ಮಾತು ನಡೆದಿದೆ. ಬಯಲಲ್ಲಿ ಇಪ್ಪತ್ತು ಮೂವತ್ತು ಜಗ್ಗಲಿಗೆ ಒಟ್ಟಿಗೆ ಬಾರಿಸುವಾಗ ಮೈಕ್ ಎಷ್ಟು ದೂರ ಇಟ್ಟರೆ ಚೆನ್ನ, ಯಾವ ಮೈಕ್ ಆ ಪೆಟ್ಟು ತಡೆದುಕೊಳ್ಳುತ್ತದೆ ಅಂತ ಅನುಭವ ಇದ್ದವರು ದಯವಿಟ್ಟು ತಿಳಿಸಿ. ಹೋಳಿಗಿಂತ ಮೊದಲೇ ಒಮ್ಮೆ ಹೋಗಿ ಪರೀಕ್ಷೆ ಮಾಡಿ ಬರುವ ಯೋಚನೆ ಇದೆ.