ಯಿರ್ಜಿ ಚೀಝೆಕ್ ಮತ್ತು ದೂರದ ಎರಡು ಹೀಲಿಯಂ

ಎರಡು ಹೀಲಿಯಂ ಪರಮಾಣುಗಳನ್ನು ಒಂದರ ಪ್ರಭಾವ ಇನ್ನೊಂದಕ್ಕೆ ತಟ್ಟದಷ್ಟು ದೂರ ಇಟ್ಟರೆ, ಒಟ್ಟು ಶಕ್ತಿ ಒಂದರ ಸರಿಯಾಗಿ ಎರಡರಷ್ಟಿರಬೇಕು. ಇಷ್ಟು ಸರಳ ಲೆಕ್ಕದಲ್ಲೇ, ಅಣುಗಳ ಶಕ್ತಿಯನ್ನು ಲೆಕ್ಕಹಾಕುವ ಸಿಐಎಸ್‌ಡಿ ಎಂಬ ವಿಧಾನ ಎಡವುತ್ತದೆ. ಅದು ಒಮ್ಮೆಗೆ ಹೆಚ್ಚೆಂದರೆ ಎರಡು ಎಲೆಕ್ಟ್ರಾನುಗಳನ್ನು ಮಾತ್ರ ಮೇಲಿನ ಕಕ್ಷಕಗಳಿಗೆ, ಅಂದರೆ ಎಲೆಕ್ಟ್ರಾನು ಇರಬಹುದಾದ ಹೆಚ್ಚು ಶಕ್ತಿಯ ಸ್ಥಿತಿಗಳಿಗೆ, ಏರಿಸುತ್ತದೆ. ಎರಡೂ ಪರಮಾಣುಗಳಲ್ಲಿ ಒಂದೊಂದು ಜೋಡಿ ಏಕಕಾಲಕ್ಕೆ ಏರಿದರೆ ನಾಲ್ಕಾಗುತ್ತದೆ. ಆ ಪದ ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಮದ್ದು ಕೊಟ್ಟವರು 1938ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ ಯಿರ್ಜಿ ಚೀಝೆಕ್. ಎಲೆಕ್ಟ್ರಾನುಗಳ ಸ್ಥಿತಿಯನ್ನು ವಿವರಿಸುವ ತರಂಗ ಫಲನವನ್ನು ಪದಗಳ ಮೊತ್ತವಾಗಿ ಬರೆಯುವ ಬದಲು ಘಾತವಾಗಿ ಬರೆಯಬೇಕೆಂಬ ವಿಚಾರ ಕೋಸ್ಟರ್ ಮತ್ತು ಕ್ಯುಮೆಲ್ ಅವರಿಂದ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಆಗಲೇ ಬಂದಿತ್ತು. ಆದರೆ ಎಲೆಕ್ಟ್ರಾನುಗಳಿಗೆ ಅದನ್ನು ಒಗ್ಗಿಸಿ, ಬಿಡಿಸಬಹುದಾದ ಸಮೀಕರಣಗಳನ್ನು ಕೈಗಿತ್ತದ್ದು ಚೀಝೆಕ್ ಅವರ 1966ರ ಪ್ರಬಂಧ. ಈ ವಿಧಾನದ ಈಗಿನ ಹೆಸರು ಕಪಲ್ಡ್ ಕ್ಲಸ್ಟರ್ (ಸಿಸಿ). ಎಲೆಕ್ಟ್ರಾನುಗಳನ್ನು ಮೇಲೇರಿಸುವ ಗಣಿತದ ಕ್ರಿಯೆಯಾದ ಟಿ ಎಂಬ ಆಪರೇಟರನ್ನು ಘಾತಕ್ಕೇರಿಸಿ ಬಿಡಿಸಿದರೆ 1, ಟಿ, ಟಿ ವರ್ಗದ ಅರ್ಧ ಎಂದು ಸಾಲು ಬೆಳೆಯುತ್ತದೆ. ಆ ವರ್ಗದ ಪದದಲ್ಲೇ ಎರಡು ಜೋಡಿಗಳ ಏಕಕಾಲದ ಏರಿಕೆ ಇದೆ. ಹೊಸ ಅಜ್ಞಾತ ಒಂದೂ ಸೇರಲಿಲ್ಲ, ಆದರೂ ಹೀಲಿಯಂ ಲೆಕ್ಕ ಕೂಡಿಬಂತು! ಕ್ವಾಂಟಮ್ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ಹೆಜ್ಜೆ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಸಮೀಕರಣಗಳನ್ನು ಹೊರತೆಗೆದದ್ದು ಕಣಗಳ ವರ್ತನೆಯನ್ನು ಗೆರೆಗಳಲ್ಲಿ ತೋರಿಸುವ ಫೈನ್‌ಮನ್ ಮಾದರಿಯ ರೇಖಾಚಿತ್ರಗಳಿಂದ. ನೈಟ್ರೋಜನ್ ಮತ್ತು ಬೆಂಜೀನ್‌ಗಳ ಸರಳ ಮಾದರಿಗಳ ಮೇಲೆ ವಿಧಾನವನ್ನು ಪ್ರಯೋಗಿಸಿ, ಆಯ್ದ ಕಕ್ಷಕಗಳಲ್ಲಿ ಸಾಧ್ಯವಿರುವ ಎಲ್ಲ ಎಲೆಕ್ಟ್ರಾನ್ ವಿನ್ಯಾಸಗಳನ್ನೂ ಸೇರಿಸಿದ ಲೆಕ್ಕದೊಂದಿಗೆ ತಾಳೆ ನೋಡಿದ್ದರು.

1968ರಲ್ಲಿ ಅವರೂ ಸಹೋದ್ಯೋಗಿ ಯೋಸೆಫ್ ಪಾಲ್ಡುಸ್ ಅವರೂ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ ಸೇರಿದರು. 1972ರಲ್ಲಿ ಇಬ್ಬರೂ ರಸಾಯನ ವಿಜ್ಞಾನಿ ಶಾವಿಟ್ ಜೊತೆಗೂಡಿ ಬೋರೇನ್ (BH3) ಅಣುವಿನ ಲೆಕ್ಕ ಮಾಡಿದರು. ಜೋಡಿಗಳ ಜೊತೆಗೆ ಒಂಟಿ ಎಲೆಕ್ಟ್ರಾನಿನ ಏರಿಕೆಗಳನ್ನೂ ಸೇರಿಸಿಕೊಂಡ ಸಿಸಿಎಸ್‌ಡಿ ಪ್ರೋಗ್ರಾಂ ಬಂದದ್ದು 1982ರಲ್ಲಿ, ಪರ್ವಿಸ್ ಮತ್ತು ಬಾರ್ಟ್‌ಲೆಟ್ ಅವರಿಂದ. ತ್ರಿವಳಿ ಏರಿಕೆಗಳನ್ನು ಅಂದಾಜಿನಲ್ಲಿ ಸೇರಿಸುವ, ಆವರಣದ ಟಿ ಹೊತ್ತ ಸಿಸಿಎಸ್‌ಡಿ(ಟಿ) ರೂಪ 1989ರದು. ಅದಕ್ಕೆ ತಗಲುವ ಸಮಯ ಅಣುವಿನ ಗಾತ್ರದ ಏಳನೇ ಘಾತದಂತೆ ಏರುತ್ತದೆ: ಗಾತ್ರ ಇಮ್ಮಡಿಯಾದರೆ ಸಮಯ 128 ಪಟ್ಟು.

ಈ ವಿಧಾನ ಕೈಕೊಡುವುದು ಬಂಧವನ್ನು ಎಳೆದಾಗ. ನೈಟ್ರೋಜನ್ನಿನ ತ್ರಿಬಂಧವನ್ನು ಹಿಗ್ಗಿಸುತ್ತ ಹೋದರೆ ಶಕ್ತಿಯ ರೇಖೆ ಸಮತಟ್ಟಾಗುವ ಬದಲು ಸುಳ್ಳೇ ಕೆಳಕ್ಕೆ ಜಾರುತ್ತದೆ, ಏಕೆಂದರೆ ಅಲ್ಲಿ ಒಂದೇ ಆರಂಭಿಕ ವಿನ್ಯಾಸ ಸಾಲದು. ಪ್ರೋಗ್ರಾಂನ ಔಟ್‌ಪುಟ್‌ನಲ್ಲಿ ಟಿ1 ಸೂಚಕವನ್ನು, ಅಂದರೆ ಒಂದೇ ಆರಂಭಿಕ ವಿನ್ಯಾಸ ಸಾಕೇ ಎಂಬುದರ ಸುಳಿವು ಕೊಡುವ ಅಂಕಿಯನ್ನು, ನೋಡಿ. ಸಾಮಾನ್ಯ ಸಾವಯವ ಅಣುವಿನಲ್ಲಿ ಅದು 0.02 ದಾಟಿದರೆ ಬಂದ ಶಕ್ತಿಯನ್ನು ಹಾಗೇ ನಂಬಬೇಡಿ.